ಎರಡು ಮುಚ್ಚಳ 2ಟಿ ಆಯಿಲ್

ನಮ್ಮ ಮನೆಮಂದಿ ಗುಂಪಿನಲ್ಲಿ 43 ಜನ. ಬಾಯಿ ಬಿಡುವವರು ಏಳೆಂಟು. ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಒಂದು ವಿಡಿಯೋ ಹಾಕಿದರು: ‘ಇ20 ಪೆಟ್ರೋಲ್ ನಿಮ್ಮ ಇಂಜಿನ್ ತಿನ್ನುತ್ತಿದೆ! ಟ್ಯಾಂಕಿಗೆ ಎರಡು ಮುಚ್ಚಳ 2ಟಿ ಆಯಿಲ್ ಹಾಕಿ, ಜರ್ಕ್ ಮಾಯ.’ (ಇ20 ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್.) ಗುಡ್ ಮಾರ್ನಿಂಗ್ ಗುಲಾಬಿಗಳನ್ನು ಕಿತ್ತು, ಮಿಕ್ಕಿದ್ದನ್ನು ಇಲ್ಲಿ ಹಾಗೇ ಇಡ್ತಿದ್ದೇನೆ.

ತೀರ್ಥಹಳ್ಳಿ ಮಾವ: ನನಗೇ ಅಂತ ಕಳಿಸಿದ ಹಾಗಿದೆಯಲ್ಲೋ. ಒಂದು ತಿಂಗಳಿಂದ ನಮ್ಮ ಕಾರು ಹಂಪ್ ದಾಟಿ ಸೆಕೆಂಡ್ ಗೇರಲ್ಲಿ ಎಳೆಯುವಾಗ ಗಕ್ ಗಕ್ ಅಂತ ಮಿಸ್ ಹೊಡೀತದೆ. 60 ದಾಟಿದರೆ ಬೆಣ್ಣೆ.

ಚಿಕ್ಕಪ್ಪ: ನಾನು ಆವತ್ತೇ ಹೇಳಿದ್ದೆ! 2015ರ ಗಾಡಿ, ಎಥನಾಲ್‌ಗೆ ಅಂತ ಮಾಡಿದ್ದಲ್ಲ. ಇವತ್ತೇ ಆಯಿಲ್ ಹಾಕು.

ನಾನು: ಮಾವ, ದಯವಿಟ್ಟು ಹಾಕಬೇಡಿ. 2ಟಿ ಆಯಿಲ್ ಇರೋದು ಟೂ ಸ್ಟ್ರೋಕ್ ಗಾಡಿಗೆ. ಅದರ ಕ್ರ್ಯಾಂಕಿಗೆ ಬೇರೆ ಆಯಿಲ್ ಇರಲ್ಲ, ಪೆಟ್ರೋಲ್ ಜೊತೆಯೇ ಹೋಗಬೇಕು. ಕಾರಿಗೆ ಕೆಳಗೆ ಸಂಪ್ ತುಂಬ ಆಯಿಲ್ ಇದೆ. ಟ್ಯಾಂಕಿಗೆ ಹಾಕಿದ್ದು ಉರಿದು ಪ್ಲಗ್ ಮೇಲೆ ಮಸಿ ಕೂರತ್ತೆ ಅಷ್ಟೆ.

ಚಿಕ್ಕಪ್ಪ: ನೀನು ಲ್ಯಾಪ್‌ಟಾಪ್ ಇಂಜಿನಿಯರ್. ನಾನು ಆರ್‌ಎಕ್ಸ್ 100 ಟೂ ಸ್ಟ್ರೋಕ್ ಬೈಕ್ ಹನ್ನೆರಡು ವರ್ಷ ಓಡಿಸಿದವನು.

ನಾನು: ಓಡಿಸಿದ್ರಿ. ಡಿಕ್ಕಿಯಲ್ಲಿ ಯಾವಾಗಲೂ ಒಂದು ಪ್ಲಗ್ ಸ್ಪ್ಯಾನರ್, ಒಂದು ತುಂಡು ಉಪ್ಪುಕಾಗದ ಇರ್ತಿತ್ತಲ್ಲ, ಅದು ಯಾಕೆ?

(ಇದಕ್ಕೆ ಉತ್ತರ ಬರಲಿಲ್ಲ. ನೀಲಿ ಟಿಕ್ ಬಿತ್ತು.)

ಅಕ್ಕ: ನಮ್ಮದು ಅದಕ್ಕಿಂತ ಒಂದು ವರ್ಷ ಹಳೇದು. ಅದೇ ಬಂಕಿನಲ್ಲೇ ಹಾಕಿಸೋದು. ಮೈಲೇಜ್ ಬಿದ್ದಿದೆ ನಿಜ, ಜರ್ಕ್ ಇಲ್ಲ.

ನಾನು: ಮೈಲೇಜ್ ಬೀಳಲೇಬೇಕು. ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಮ್ಮಿ. ಹಳೇ ಗಾಡಿಯ ರಬ್ಬರ್ ಬಗ್ಗೆ ಚಿಕ್ಕಪ್ಪನ ಅನುಮಾನಾನೂ ತಳ್ಳಿಹಾಕಲ್ಲ. ಆದರೆ ಪೆಟ್ರೋಲೇ ಕೆಟ್ಟಿದ್ದರೆ ಅದು 30ರಲ್ಲಿ ಕೆಟ್ಟು 60ರಲ್ಲಿ ಒಳ್ಳೇದಾಗಲ್ಲ.

ಧಾರವಾಡ ಭಾವ: ಇಂಜಿನ್ನಿಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ತೊಳಸ್ರಿ ಮಾವಾರ. ಇಲ್ಲಾಂದ್ರ ವ್ಯಾಕ್ಯೂಮ್ ಪೈಪ್ ಎಲ್ಲೋ ಸೀಳಿರತದ. ನಮ್ಮ ಗಾಡೀದು ಇಲಿ ಕಡದಿತ್ತು, ಹಿಂಗ ಮಿಸ್ ಹೊಡೀತಿತ್ತು.

ಇದು ತೂಕದ ಮಾತು. ಇಲಿ ನಮ್ಮ ಕಡೆ ಮೆಕ್ಯಾನಿಕ್‌ಗಳ ಅನ್ನದಾತ.

ನಾನು: ಭಾವ ಹೇಳಿದ್ದನ್ನು ಪುಕ್ಕಟೆ ಪರೀಕ್ಷೆ ಮಾಡಬಹುದು. ಮಾವ, ಗಾಡಿ ನಿಲ್ಲಿಸಿ ಐಡ್ಲಿಂಗಲ್ಲಿ ಬಿಟ್ಟರೆ ನಡುಗತ್ತಾ?

ತೀರ್ಥಹಳ್ಳಿ ಮಾವ: ಈಗಷ್ಟೇ ನೋಡಿ ಬಂದೆ. ಡ್ಯಾಶ್‌ಬೋರ್ಡ್ ಮೇಲಿನ ಗಣಪತಿಯ ಕಿವಿ ಕೂಡ ಅಲ್ಲಾಡಲ್ಲ.

ನಾನು: ಹಾಗಾದರೆ ಪೈಪ್ ಇರಲಿಕ್ಕಿಲ್ಲ. ಐಡ್ಲಿಂಗಲ್ಲಿ ಥ್ರಾಟಲ್ ಹೆಚ್ಚುಕಮ್ಮಿ ಮುಚ್ಚಿರತ್ತೆ, ಇಂಜಿನ್ ಎಳೆಯೋ ಗಾಳಿಯೇ ಸ್ವಲ್ಪ. ಸೀಳಿದ ಪೈಪಿಂದ ಕಳ್ಳಗಾಳಿ ನುಗ್ಗಿದರೆ ಅಲ್ಲೇ ಜಾಸ್ತಿ ತೊಂದರೆ ಕೊಡಬೇಕು. ನಿಮ್ಮದು ಭಾರ ಬಿದ್ದಾಗ ಮಾತ್ರ ಬರೋದು.

ಧಾರವಾಡ ಭಾವ: ಹಂಗಾದ್ರ ಕರೆಂಟಿನ ಕಡೆ ಹೋಗೂಣ.

ತೀರ್ಥಹಳ್ಳಿ ಮಾವ: ಪ್ಲಗ್ ನಾಲ್ಕೂ ಹೊಸದು ಹಾಕಿಸಿದೆ ಕಣೋ, ಮೂರು ವಾರವಾಯ್ತು. ನಾಲ್ಕು ದಿನ ಸರಿ ಇತ್ತು, ಮತ್ತೆ ಅದೇ ರಾಗ. ಗ್ಯಾರೇಜಿನವ ನಿಲ್ಲಿಸಿಕೊಂಡು ರೇಸ್ ಕೊಟ್ಟು ನೋಡಿ, ಏನೂ ಇಲ್ಲ ಅಂತಾನೆ. ಹೋದ ವಾರ ಆಗುಂಬೆ ಘಾಟಿ ತಿರುವಿನಲ್ಲಿ ಇಂಜಿನ್ ದೀಪ ಮಿಣುಕಿತು. ನಿಂತುಹೋಯ್ತಲ್ಲ ಅಂತ ಸುಮ್ಮನಾದೆ.

ನಾನು: ಅಯ್ಯೋ ಮಾವ, ಇದನ್ನು ಮೊದಲೇ ಹೇಳಬಾರದಾ! ದೀಪ ಸುಮ್ಮನೆ ಉರಿದರೆ ಮನೆಗೆ ಬಂದು ನೋಡಬಹುದು. ಮಿಣುಕಿದರೆ ಆ ಕ್ಷಣಕ್ಕೆ ಕಾಲು ಸಡಿಲಿಸಬೇಕು. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯತ್ತೆ, ಅದು ಕರಗಿದರೆ ಪ್ಲಗ್ ರೇಟಿನಲ್ಲಿ ಮುಗಿಯಲ್ಲ. ಪಕ್ಕದ ಮನೆ ಹುಡುಗನ ಹತ್ತಿರ ಬ್ಲೂಟೂತ್ ಸ್ಕ್ಯಾನರ್ ಇದೆ ಅಂದಿದ್ರಲ್ಲ? ಹಾಕಿಸಿ.

ಸಂಜೆ ಮಾವನ ಫೋಟೋ ಬಂತು: ಸ್ಕ್ಯಾನರಿನಲ್ಲಿ ಪಿ0302, ಒಂದು ಸಿಲಿಂಡರ್ ಮಿಸ್ ಹೊಡೀತಿದೆ ಅನ್ನೋ ಕೋಡ್. ಕೊನೆಯ ಅಂಕಿ ಸಿಲಿಂಡರ್ ನಂಬರು, ಅಂದರೆ ಎರಡನೇದು.

ಚಿಕ್ಕಪ್ಪ: ಸರಿ, ಕಾಯಿಲ್ ಬದಲಾಯಿಸಿ ಮುಗಿಸು.

ಬೆಳಿಗ್ಗೆ ಎಥನಾಲ್, ಸಂಜೆ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡೋ ಭಾಗ, ಈ ಕಾರಿನಲ್ಲಿ ಸಿಲಿಂಡರಿಗೊಂದು). ನಮ್ಮ ಚಿಕ್ಕಪ್ಪನಿಗೆ ಯಾವುದಾದರೊಂದು ಬದಲಾಯಿಸಿದರೆ ನೆಮ್ಮದಿ.

ನಾನು: ಕೊಳ್ಳೋದು ಬೇಡ, ಅದಲುಬದಲು ಸಾಕು. ಎರಡನೇದರ ಕಾಯಿಲ್ ನಾಲ್ಕಕ್ಕೆ, ನಾಲ್ಕರದ್ದು ಎರಡಕ್ಕೆ. ಕೋಡ್ ಅಳಿಸಿ ಒಂದು ಏರು ಹತ್ತಿಸಿ. ಆಮೇಲೆ ಪಿ0304 ಬಂದರೆ ರೋಗ ಕಾಯಿಲ್ ಜೊತೆ ನಡೆದುಕೊಂಡು ಹೋಯ್ತು ಅಂತ. 0302ರಲ್ಲೇ ನಿಂತರೆ ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ಕಡೆ ನೋಡಬೇಕು.

ಸೋಮವಾರ ಬೆಳಿಗ್ಗೆ 7:40ಕ್ಕೆ ಮಾವ: 0304!!!

ಮೂರು ಆಶ್ಚರ್ಯಸೂಚಕ ನಮ್ಮ ಮಾವನ ಜೀವಮಾನದಲ್ಲೇ ಮೊದಲು. ನಾನೂ ಕಾಯಿಲ್ ಅಂತಲೇ ಬರೆಯೋಕೆ ಹೊರಟಿದ್ದೆ. ಅಷ್ಟರಲ್ಲಿ ಅವರೇ ಕಾಯಿಲ್ ಕಿತ್ತು ಇನ್ನೊಂದು ಫೋಟೋ ಹಾಕಿದರು. ಕಾಯಿಲ್ ಕೆಳಗಿನ ರಬ್ಬರ್ ಬೂಟಿನ ಒಳಗೆ ಪೆನ್ಸಿಲ್ ಗೀಚಿದ ಹಾಗೆ ಒಂದು ಕಪ್ಪು ಗೆರೆ, ಬಾಯಿಯಂಚಿನಲ್ಲಿ ಕೆಂಪು ತುಕ್ಕಿನ ಪುಡಿ.

ನಾನು: ಸಿಕ್ಕಿತು! ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ಈ ಗೆರೆ ಹಿಡಿದು ಪಕ್ಕದ ಕಬ್ಬಿಣಕ್ಕೆ ಹಾರ್ತಿದೆ. ಸೆಕೆಂಡ್ ಗೇರಲ್ಲಿ ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬ ಗಾಳಿ ತುಂಬಿ ಒತ್ತಡ ಏರತ್ತೆ, ತುದಿಯಲ್ಲಿ ಕಿಡಿ ಹಾರೋಕೆ ಜಾಸ್ತಿ ವೋಲ್ಟೇಜ್ ಬೇಕು. ಆಗ ಅದು ಸುಲಭದ ದಾರಿ ಹಿಡಿಯತ್ತೆ. 60ರಲ್ಲಿ ಕಾಲು ಹಗುರ, ಗ್ಯಾರೇಜಿನಲ್ಲಿ ಭಾರವೇ ಇಲ್ಲ, ಅದಕ್ಕೇ ಎರಡೂ ಕಡೆ ಗುಣವಾದ ಹಾಗೆ ಕಾಣತ್ತೆ. ಹಳೇ ಬೂಟಿಗೆ ಹೊಸ ಪ್ಲಗ್ ಹಾಕಿದ್ದಕ್ಕೆ ನಾಲ್ಕೇ ದಿನ ಬಾಳಿದ್ದು. ಆ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೂ ಇದೇ ಗೆರೆ ಬಿದ್ದಿರಬೇಕು, ನೋಡಿ.

ಧಾರವಾಡ ಭಾವ: ಅಲ್ರೀ, ಪ್ಲಗ್ ಗುಂಡಿಯೊಳಗ ತುಕ್ಕು ಹೆಂಗ ಬಂತು? ಅಲ್ಲಿ ನೀರು ಹೋಗಂಗಿಲ್ಲ.

ತೀರ್ಥಹಳ್ಳಿ ಮಾವ: ಗ್ಯಾರೇಜಿನವನೂ ಪ್ಲಗ್ ಬಿಚ್ಚುವಾಗ ತುಕ್ಕು ಅಂದಿದ್ದ. ಮಳೆಗಾಲ ಅಂದ್ಕೊಂಡೆ.

ಅತ್ತೆ: ಮಳೆಗಾಲ ಅಲ್ಲ. ಆಯುಧಪೂಜೆ ದಿನ ಬಾನೆಟ್ ಎತ್ತಿ ತೋಟದ ಪೈಪ್ ಹಿಡಿದಿದ್ದು ಯಾರು? ಬೇಡ ಅಂದರೆ, ಇಂಜಿನ್ನೂ ಆಯುಧವೇ ಅಂದರು.

ಅತ್ತೆ ಗುಂಪಿನಲ್ಲಿ ಬರೆಯೋದು ಅಪರೂಪ. ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಭಾವ ನಗುವ ಮುಖ ಏಳು ಹಾಕಿದರು.

ಚಿಕ್ಕಪ್ಪ: ಹಾಗಾದರೆ ಎಥನಾಲ್‌ದು ತಪ್ಪೇ ಇಲ್ಲ ಅಂತೀಯಾ?

ನಾನು: ಈ ಕೇಸಿನಲ್ಲಿ ಇಲ್ಲ ಚಿಕ್ಕಪ್ಪ.

ಬುಧವಾರ ಮಾವ: ಬೂಟು ನಾಲ್ಕೂ ಹೊಸದು, ಎರಡು ಮತ್ತು ನಾಲ್ಕನೇ ಪ್ಲಗ್ ಮತ್ತೊಮ್ಮೆ ಹೊಸದು. ಆಗುಂಬೆ ಹತ್ತಿ ಬಂದೆ, ಸೆಕೆಂಡ್ ಗೇರಲ್ಲೇ. ಗಣಪತಿ ಗಮ್ಮತ್ತಾಗಿ ಕೂತಿದ್ದ.

ಅತ್ತೆ: ಮುಂದಿನ ವರ್ಷ ಬಾನೆಟ್ ಒಳಗೆ ಕುಂಕುಮ ಮಾತ್ರ.