ಹಳೇ ಮಂಗಳೂರು ಹೆಂಚು ಮತ್ತೆ ಹೊದಿಸಬಹುದಾ?

ಪ್ರಶ್ನೆ: ಕೆಡವಿದ ಮನೆಯ ಹೆಂಚು ಸಿಗ್ತಿದೆ. 400 ಚದರಡಿ ಮಾಡಿಗೆ ಎಷ್ಟು ಬೇಕು, ಹೇಗೆ ಆರಿಸೋದು?

ಉತ್ತರ 1: ಇಳಿಜಾರಿನ ಮೇಲೆ ಅಳತೆ ಹಿಡೀರಿ. 100 ಚದರಡಿಗೆ ಸುಮಾರು 150; ಒಡೆಯೋದೂ ಸೇರಿ 660 ತನ್ನಿ. ಒಂದೊಂದನ್ನೂ ತಟ್ಟಿ ನೋಡಿ: ಟಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಒಳಗೆ ಬಿರುಕು. ಕೆಲವನ್ನು 24 ಗಂಟೆ ನೆನೆಸಿ ತೂಗಿ. ತೂಕ 20%ಗಿಂತ ಹೆಚ್ಚು ಏರಿದ್ರೆ ಆ ಲಾಟೇ ಬೇಡ.

ಉತ್ತರ 2: ಅದಕ್ಕಿಂತ ಮುಖ್ಯ, ಅಡಿಭಾಗದ ಕಾರ್ಖಾನೆ ಮುದ್ರೆ ನೋಡಿ ಬೇರ್ಪಡಿಸಿ. ಬೆರೆಸಿದ್ರೆ ಒಂದರ ಅಂಚು ಇನ್ನೊಂದರಲ್ಲಿ ಕೂರಲ್ಲ, ಗಾಳಿಮಳೆಗೆ ಸೋರುತ್ತೆ. ಹಳೇ ರೀಪಿನ (ಹೆಂಚು ಕೂರುವ ಅಡ್ಡಪಟ್ಟಿ) ಅಂತರ ನಂಬಬೇಡಿ. ಹತ್ತು ಹೆಂಚು ನೆಲದ ಮೇಲೆ ಸಾಲಾಗಿ ಜೋಡಿಸಿ, ಒಮ್ಮೆ ಒತ್ತಿ, ಒಮ್ಮೆ ಎಳೆದು ಅಳೆದು ಸರಾಸರಿ ತೆಗೀರಿ; ಅದರಿಂದ ಒಂದು ಹೆಂಚಿಗೆ ಬರುವಷ್ಟೇ ರೀಪಿನ ಅಂತರ ಇಡಿ.

ಉತ್ತರ 3: ಪಾಚಿಗೆ ನಾರಿನ ಬ್ರಷ್ ಸಾಕು. ಪ್ರೆಷರ್ ವಾಷರ್ ಹೊಡೆದ್ರೆ ಮೇಲ್ಪದರ ಕಿತ್ತು ನೀರು ಹೀರುತ್ತೆ.