ಖನಿಜ ಕಂಡಲ್ಲೆಲ್ಲ ‘ನಿಕ್ಷೇಪ’ ಎನ್ನಬಹುದೇ?

ಮಿತ್ರರೇ,

ಶಿವಮೊಗ್ಗ, ಹೊನ್ನಾಳಿ ಕಡೆಯ ತಾಮ್ರ ಮತ್ತು ಚಿನ್ನದ ಶೋಧದ ಕುರಿತು ಕನ್ನಡದಲ್ಲಿ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು. ಭೂವಿಜ್ಞಾನದಲ್ಲಿ ‘ಡಿಪಾಸಿಟ್’ ಬೇರೆ, ‘ಅಕರೆನ್ಸ್’ ಬೇರೆ. ಮೊದಲನೆಯದೆಂದರೆ ತೆಗೆದರೆ ಗಿಟ್ಟಬಹುದಾದಷ್ಟು ಖನಿಜವಿರುವ ತಾಣ; ಅದಕ್ಕೆ ‘ನಿಕ್ಷೇಪ’ ಎಂಬ ಪದ ಬೇರೂರಿದೆ. ಎರಡನೆಯದರ ಅರ್ಥ, ಇಲ್ಲಿ ಖನಿಜ ಕಂಡಿದೆ ಎಂದಷ್ಟೇ. ಎಷ್ಟಿದೆ, ತೆಗೆದರೆ ಗಿಟ್ಟುತ್ತದೆಯೇ ಎಂಬುದೆಲ್ಲ ಆಮೇಲಿನ ಮಾತು. ನಮ್ಮ ಬರಹಗಳಲ್ಲಿ ಎರಡಕ್ಕೂ ನಿಕ್ಷೇಪವೇ. ‘ನಿಕ್ಷೇಪ ಪತ್ತೆ’ ಎಂಬ ತಲೆಬರಹ ಓದಿದ ಮಲೆನಾಡಿನ ರೈತ ತನ್ನ ಅಡಿಕೆ ತೋಟದ ಗತಿಯೇನೆಂದು ಕಂಗಾಲಾಗುವುದು ಸಹಜ. ಆದರೆ ಖನಿಜ ಕಂಡ ಮಾತ್ರಕ್ಕೆ ಗಣಿಯಾಗದು: ಖನಿಜ ಶೋಧದ ಸರ್ಕಾರಿ ವರ್ಗೀಕರಣದಲ್ಲಿಯೇ ಜಿ4 ಎಂಬ ಮೊದಲ ಸಮೀಕ್ಷೆಯಿಂದ ಜಿ1 ಎಂಬ ವಿವರವಾದ ಶೋಧದವರೆಗೆ ನಾಲ್ಕು ಹಂತಗಳಿವೆ.

ನಿಕ್ಷೇಪಕ್ಕೆ ಹಳೆಯ ಭಾರವೂ ಇದೆ. ಕೆಳದಿ ಅರಸರ ದಾನಶಾಸನಗಳ ‘ನಿಧಿ ನಿಕ್ಷೇಪ ಜಲ ಪಾಷಾಣ’ ನೆನಪಿಸಿಕೊಳ್ಳಿ. ಅಲ್ಲಿ ಅದು ಹೂತಿಟ್ಟ ಸಂಪತ್ತು, ದಾನ ಪಡೆದವನ ಹಕ್ಕು. ಆ ಸಿರಿಯ ಛಾಯೆ ಇನ್ನೂ ಕಳಚಿಲ್ಲ.

ನೆಲದ ಮೇಲೆ ಕಾಣುವುದು ಏನು? ಬೆಣಚುಕಲ್ಲಿನ ಬಿರುಕಿನಲ್ಲಿ, ತಾಮ್ರದ ಹಂಡೆಗೆ ಹಿಡಿದ ಕಿಲುಬಿನಂಥ ಹಸಿರು ಪೊರೆ. ಒಡೆದರೆ ಒಳಗೆ ಹಿತ್ತಾಳೆ ಬಣ್ಣದ ಚಾಲ್ಕೊಪೈರೈಟ್ ಕಾಳುಗಳು. ಆ ಖನಿಜದ ತೂಕದಲ್ಲಿ ಶೇಕಡಾ 34.6ರಷ್ಟು ತಾಮ್ರ, ಉಳಿದದ್ದು ಕಬ್ಬಿಣ ಮತ್ತು ಗಂಧಕ. ಇಡೀ ಬಂಡೆಯ ಲೆಕ್ಕ ಹಿಡಿದರೆ ತಾಮ್ರ ಶೇಕಡಾ ಒಂದೂ ಇರಲಿಕ್ಕಿಲ್ಲ. ಚಿನ್ನವನ್ನಂತೂ ಟನ್ನಿಗೆ ಇಷ್ಟು ಗ್ರಾಂ ಎಂದು ಎಣಿಸುತ್ತಾರೆ. ಕಣ್ಣಿಗೆ ಬೀಳುವುದೇ ಅಪರೂಪ. ಇಷ್ಟನ್ನೇ ನಿಕ್ಷೇಪವೆಂದು ಕರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಹೊನ್ನಾಳಿ ಭಾಗದ ಚಿನ್ನದ ನೆಲವನ್ನು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿಯೇ ನೋಡಿ ಬರೆದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಹುಟ್ಟಿದ್ದು 1894ರಲ್ಲಿ. ಇವರೆಲ್ಲರಿಗಿಂತ ಮೊದಲೇ ಹಳ್ಳದ ಮರಳನ್ನು ಜಾಲಿಸಿ ಚಿನ್ನದ ಪುಡಿ ತೆಗೆಯುತ್ತಿದ್ದ ಜಾಲಗಾರರಿದ್ದರು. ಅಕ್ಕಿ ಜಾಲಿಸುವ ಮನೆಮಾತೇ ಅಲ್ಲಿ ಕಸುಬಿನ ಮಾತೂ ಆಯಿತು. ನಮಗೆ ಬೇಕಾದ ಪದವೂ ಇಂಥದ್ದೇ ಆಗಿದ್ದರೆ ಎಷ್ಟು ಚೆನ್ನ!

ನನ್ನ ಮುಂದಿರುವುದು ಮೂರು: ಸುಳಿವು, ಕುರುಹು, ಇರವು. ‘ಸುಳಿವು’ ಎಂದರೆ ವಸ್ತು ಇನ್ನೂ ಸಿಕ್ಕಿಲ್ಲ ಎಂದಾಗುತ್ತದೆ, ಇಲ್ಲಿ ಸಿಕ್ಕಿದೆ. ‘ಕುರುಹು’ ಹಸಿರು ಕಲೆಗೆ ಒಪ್ಪುತ್ತದೆ, ನೂರು ಮೀಟರ್ ಆಳದಿಂದ ಕೊರೆದು ತೆಗೆದ ಕಲ್ಲಿಗೆ ಒಪ್ಪದು. ‘ತಾಮ್ರ–ಚಿನ್ನದ ಇರವು’ ಎಂಬುದರತ್ತ ನನ್ನ ಒಲವು, ಆದರೆ ಪತ್ರಿಕೆಯ ಓದುಗರಿಗೆ ಅದು ತೀರಾ ಗ್ರಾಂಥಿಕವೆನಿಸೀತೇ? ತೀರ್ಥಹಳ್ಳಿ, ಸಾಗರದ ಕಡೆ ಬಾವಿ ತೋಡುವವರು, ಕಲ್ಲುಕುಟಿಗರು ಇಂಥ ಹಸಿರು ಹಿಡಿದ ಕಲ್ಲಿಗೆ ಬಳಸುವ ಹೆಸರು ಯಾರಿಗಾದರೂ ಗೊತ್ತಿದ್ದರೆ, ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.