ಪಟ್ಟಿ ಉರು ಹೊಡೆದ ಮಕ್ಕಳು ವೇದಿಕೆಯಲ್ಲಿ ಏಕೆ ತಡವರಿಸುತ್ತಾರೆ?

ಸ್ನೇಹಿತರೇ,

ಏಳನೆಯ ತರಗತಿಯ ಮಗಳ ಶಬ್ದಭಂಡಾರ ಹೆಚ್ಚಿಸಲು ಯಾವ ಪುಸ್ತಕ ಕೊಳ್ಳಬೇಕು, ಭಾಷಣ ಕಲಿಸಲು ಎಲ್ಲಿಗೆ ಸೇರಿಸಬೇಕು ಎಂದು ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಪುಸ್ತಕಗಳ ಹೆಸರು, ಆ್ಯಪ್‌ಗಳ ಹೆಸರು, ತರಬೇತಿ ಶುಲ್ಕದ ವಿವರ ಎಲ್ಲವೂ ಧಾರಾಳವಾಗಿ ಬಂದಿವೆ. ನನ್ನ ತಕರಾರು ಇರುವುದು ಪ್ರಶ್ನೆಯ ಬಗ್ಗೆಯೇ. ಪದ ಕಲಿಯುವುದು ಒಂದು ಪಾಠ, ಮಾತನಾಡುವುದು ಇನ್ನೊಂದು ಪಾಠ ಎಂದು ನಾವೇ ಬೇರ್ಪಡಿಸಿ, ಎರಡಕ್ಕೂ ಬೇರೆ ಬೇರೆ ಹಣ ಕಟ್ಟುತ್ತಿದ್ದೇವೆ. ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸಿನ ಉತ್ತರಕ್ಕಿರುವ ನಮ್ಮ ಊರಿನ ಮಿಡಲ್ ಸ್ಕೂಲಿನ (ಆರರಿಂದ ಎಂಟನೆಯ ತರಗತಿ) ಭಾಷಣ ಕ್ಲಬ್ಬಿನಲ್ಲೂ ವಾರಾಂತ್ಯದ ಕನ್ನಡ ತರಗತಿಯಲ್ಲೂ ನಾನು ಸ್ವಯಂಸೇವಕ. ಎರಡೂ ಕಡೆ ಕಂಡದ್ದು ಒಂದೇ. ಎದುರಿಗಿರುವವರನ್ನು ಒಪ್ಪಿಸಲೇಬೇಕು ಎಂಬ ತುರ್ತಿನಲ್ಲಿ ಕಲಿತ ಪದ ಮಗುವಿನ ಬಾಯಲ್ಲಿ ಉಳಿಯುತ್ತದೆ. ಪಟ್ಟಿಯಿಂದ ಕಲಿತದ್ದು ಪರೀಕ್ಷೆ ಮುಗಿದ ಮರುದಿನ ಹೋಗುತ್ತದೆ.

ಸ್ಪೆಲಿಂಗ್ ಬೀ, ಅಂದರೆ ಇಂಗ್ಲಿಷ್ ಪದಗಳ ಕಾಗುಣಿತ ಹೇಳುವ ರಾಷ್ಟ್ರಮಟ್ಟದ ಸ್ಪರ್ಧೆಯ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಚರ್ಚೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. 1985ರಲ್ಲಿ ಭಾರತೀಯ ಮೂಲದ ಬಾಲು ನಟರಾಜನ್ ಗೆದ್ದ ಮೇಲೆ ಭಾರತೀಯ ಮನೆಗಳಲ್ಲಿ ಅದರ ಹುಚ್ಚು ಹತ್ತಿದೆ. ಎಂಟನೆಯ ತರಗತಿ ದಾಟಿದವರಿಗೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಮಿಡಲ್ ಸ್ಕೂಲಿನ ವರ್ಷಗಳೆಲ್ಲ ಅದಕ್ಕೇ ಮೀಸಲು. 2018ರ ವಿಜೇತ ನಮ್ಮ ಪಕ್ಕದ ಊರು ಮೆಕಿನಿಯವನು, 2025ರ ವಿಜೇತ ಆಲನ್‌ನವನು. ಪೈಪೋಟಿಯ ಬಿಸಿ ನಮ್ಮ ಬೀದಿಗೂ ತಟ್ಟಿದೆ. ನಾನು ಅದರ ವಿರೋಧಿಯಲ್ಲ. 2021ರಿಂದ ಅಲ್ಲಿ ವೇದಿಕೆಯ ಮೇಲೆ ಪದದ ಅರ್ಥವನ್ನೂ ಕೇಳುತ್ತಾರೆ. ಮರುವರ್ಷ ಹರಿಣಿ ಲೋಗನ್ ಎಂಬ ಹುಡುಗಿ ಒಂದು ಪದಕ್ಕೆ ಕೊಟ್ಟ ಅರ್ಥ ತಪ್ಪೆಂದು ಹೊರಗೆ ಕಳುಹಿಸಿದ ತೀರ್ಪುಗಾರರು, ಆ ಅರ್ಥಕ್ಕೂ ಆಧಾರವಿದೆ ಎಂದು ಒಪ್ಪಿ ವಾಪಸು ಕರೆದರು. ಕೊನೆಗೆ ಗೆದ್ದವಳೂ ಅವಳೇ. ಇನ್ನು ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯ ಪದಪಟ್ಟಿ ಉರು ಹೊಡೆಸಿ ಎಂದವರಿಗೆ ಒಂದು ಮಾತು: 2016ರಲ್ಲಿ ಆ ಪರೀಕ್ಷೆಯನ್ನು ಬದಲಾಯಿಸಿದಾಗಲೇ ಅಪರೂಪದ ಪದಗಳ ಕಾಲ ಮುಗಿಯಿತು, ಈಗ ಸಂದರ್ಭಕ್ಕೆ ತಕ್ಕ ಅರ್ಥ ಗೊತ್ತಿರಬೇಕು. ಸ್ನಾತಕೋತ್ತರ ಪ್ರವೇಶಕ್ಕೆಂದು ನಾವು ಓದಿದ ಜಿಆರ್‌ಇ ಪಟ್ಟಿಯನ್ನು ಹನ್ನೆರಡು ವರ್ಷದ ಮಗುವಿಗೆ ಕಟ್ಟಬೇಡಿ, ದಯವಿಟ್ಟು.

ಹಾಗಾದರೆ ಯಾವ ಪದಗಳನ್ನು ಕಲಿಸಬೇಕು? ಇಲ್ಲಿನ ಶಿಕ್ಷಕರು ಬಳಸುವ ಒಂದು ವಿಂಗಡಣೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಐಸಬೆಲ್ ಬೆಕ್ ಮತ್ತು ಅವರ ಸಹ ಸಂಶೋಧಕರು ಪದಗಳನ್ನು ಮೂರು ಸ್ತರಗಳಲ್ಲಿ ಇಟ್ಟರು. ದಿನಬಳಕೆಯವು ಮೊದಲನೆಯ ಸ್ತರ, ಒಂದೊಂದು ವಿಷಯಕ್ಕೆ ಮಾತ್ರ ಸೇರಿದ ಪಾರಿಭಾಷಿಕ ಪದಗಳು ಮೂರನೆಯದು. ನಡುವೆ ಇರುವುದು ವಿಜ್ಞಾನಕ್ಕೂ ಚರಿತ್ರೆಗೂ ಕಥೆಗೂ ಒದಗುವ, ಪ್ರಬುದ್ಧರ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಪದಗಳು. ಶಿಕ್ಷಕರು ಹೆಚ್ಚು ಸಮಯ ಕೊಡಬೇಕಾದದ್ದು ಈ ಎರಡನೆಯ ಸ್ತರಕ್ಕೆ ಎಂಬುದು ಅವರ ವಾದ.

ಈ ಅಳತೆಯಲ್ಲಿ ನಮ್ಮ ಮಕ್ಕಳ ಕನ್ನಡವನ್ನು ನೋಡಿ. ಊಟ, ಚಪ್ಪಲಿ, ಬಾ, ಕೂತುಕೋ, ನಿದ್ದೆ ಬಂತು, ಇವೆಲ್ಲ ಸಲೀಸು. ಹಬ್ಬ, ಪೂಜೆ, ನೃತ್ಯ ತರಗತಿಯಿಂದಾಗಿ ನೈವೇದ್ಯ, ಅಭಿನಯ, ತಾಳ, ಮಂಗಳಾರತಿ ಕೂಡ ಗೊತ್ತು. ನಡುವಿನದು ಖಾಲಿ. ಹೊಣೆ, ನೆಪ, ಪರಿಣಾಮ, ಸಂಕೋಚ, ಒಪ್ಪಂದ, ಅನುಮಾನ, ಪಕ್ಷಪಾತ ಇಂಥ ಪದಗಳಿಲ್ಲದೆ ಯಾರೂ ಜಗಳವನ್ನೂ ನೆಟ್ಟಗೆ ಆಡಲಾರರು, ಭಾಷಣದ ಮಾತಂತೂ ದೂರ. ಹನ್ನೆರಡು ವರ್ಷದ ಮಕ್ಕಳಿಗೆ ಹೇಳಬೇಕಾದ ವಿಷಯ ಬೆಟ್ಟದಷ್ಟಿರುತ್ತದೆ. ಕನ್ನಡದಲ್ಲಿ ಅವರ ಬಳಿ ಇರುವುದು ಐದು ವರ್ಷದ ಮಗುವಿನ ಪದಗಳು. ನಾಲ್ಕು ಜನರ ಮುಂದೆ ಸಣ್ಣ ಮಗುವಿನಂತೆ ಕಾಣಿಸಿಕೊಳ್ಳಲು ಯಾವ ಎಂಟನೆಯ ತರಗತಿಯ ಹುಡುಗನೂ ಒಪ್ಪುವುದಿಲ್ಲ. ಅವನು ಇಂಗ್ಲಿಷಿಗೆ ಜಾರುವುದು ಸೊಕ್ಕಿನಿಂದಲ್ಲ, ಮರ್ಯಾದೆ ಉಳಿಸಿಕೊಳ್ಳಲು.

ಇಂಗ್ಲಿಷ್ ಮತ್ತು ಕನ್ನಡವನ್ನು ಒಟ್ಟಿಗೆ ಕಲಿಸಿದರೆ ಗೊಂದಲವಾಗುತ್ತದೆ ಎಂದು ಒಬ್ಬರು ಬರೆದಿದ್ದಾರೆ. ನನ್ನ ಅನುಭವ ಬೇರೆ. ಶಾಲೆಯಲ್ಲಿ ಆರನೆಯ ತರಗತಿಯಿಂದ ಲ್ಯಾಟಿನ್, ಗ್ರೀಕ್ ಮೂಲಗಳನ್ನು ಕಲಿಸುತ್ತಾರೆ. ನೋಡು ಎಂಬ ಅರ್ಥದ 'ಸ್ಪೆಕ್ಟ್' ಬಂದ ವಾರ ಕನ್ನಡ ತರಗತಿಯಲ್ಲಿ ಅದೇ ಅರ್ಥದ ಸಂಸ್ಕೃತ ಧಾತು 'ಈಕ್ಷ್' ಬರೆದೆ. ಪರೀಕ್ಷೆ, ನಿರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಉಪೇಕ್ಷೆ, ಪ್ರೇಕ್ಷಕ. ಪಕ್ಕದಲ್ಲಿ ಇನ್ಸ್‌ಪೆಕ್ಟ್, ಎಕ್ಸ್‌ಪೆಕ್ಟ್, ಸ್ಪೆಕ್ಟೇಟರ್. ಎರಡು ಸಾಲುಗಳನ್ನು ಗೆರೆ ಎಳೆದು ಜೋಡಿಸಿದ್ದು ಮಕ್ಕಳೇ. ಉಪೇಕ್ಷೆಗೆ ಜೋಡಿ ಸಿಗಲಿಲ್ಲ. 'ನೋಡಿಯೂ ನೋಡದ ಹಾಗೆ ಇರುವುದು' ಎಂದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, ತನ್ನ ಅಣ್ಣ ಊಟದ ಮೇಜಿನಲ್ಲಿ ಮಾಡುವುದು ಇದನ್ನೇ ಎಂದಳು. ಅವಳಿಗೆ ಆ ಪದವನ್ನು ಇನ್ನೊಮ್ಮೆ ಕಲಿಸಬೇಕಾಗಿಲ್ಲ.

ಈಗ ಮಾತಿನ ಕಡೆಗೆ. ಟೆಕ್ಸಾಸಿನವರಿಗೆ ಹಣ ಕೊಟ್ಟು ತರಬೇತಿ ಹುಡುಕುವ ಮೊದಲು ಒಂದು ದಾರಿ ಇದೆ. ಟೆಕ್ಸಾಸ್ ವಿಶ್ವವಿದ್ಯಾಲಯ 1910ರ ಸುಮಾರಿಗೆ ಕಟ್ಟಿದ ಯುಐಎಲ್ ಎಂಬ ಅಂತರಶಾಲಾ ಸಂಸ್ಥೆ ಕ್ರೀಡೆಗೆ ಹೆಸರಾಗಿದ್ದರೂ ಆರರಿಂದ ಎಂಟನೆಯ ತರಗತಿಯವರಿಗೆ ಭಾಷಣ ಸ್ಪರ್ಧೆಗಳನ್ನೂ ನಡೆಸುತ್ತದೆ. ಒಂದು ಆಶುಭಾಷಣ: ಚೀಟಿಯಲ್ಲಿ ಬಂದ ವಿಷಯಕ್ಕೆ ಕೆಲವೇ ನಿಮಿಷ ಯೋಚಿಸಿ ಮಾತನಾಡಬೇಕು. ಇನ್ನೊಂದು ಸಿದ್ಧ ಭಾಷಣ: ವಿಷಯದ ಪರ, ವಿರೋಧ ಎರಡನ್ನೂ ಮುಂದಿಟ್ಟು ಆಮೇಲೆ ತನ್ನ ಪಕ್ಷ ಹಿಡಿಯಬೇಕು. ಬೇರೆ ರಾಜ್ಯಗಳಲ್ಲಿರುವವರು ನಿಮ್ಮ ಶಾಲೆಯಲ್ಲೇ ವಿಚಾರಿಸಿ. ಭಾರತೀಯ ಅಮೆರಿಕನ್ನರ ಸಂಸ್ಥೆಯಾದ ನಾರ್ತ್ ಸೌತ್ ಫೌಂಡೇಶನ್ ಕೂಡ ಶಬ್ದಭಂಡಾರ ಮತ್ತು ಭಾಷಣ ಎರಡರಲ್ಲೂ ಸ್ಪರ್ಧೆ ಇಡುತ್ತದೆ.

ವಿಷಯ ಮಕ್ಕಳಿಗೆ ಉರಿಯುವಂಥದ್ದಾಗಿರಬೇಕು. 2025ರಲ್ಲಿ ಟೆಕ್ಸಾಸ್ ಕಾನೂನು ತಂದು ಸರ್ಕಾರಿ ಶಾಲೆಗಳಲ್ಲಿ ಶಾಲೆಯ ಹೊತ್ತಿನಲ್ಲಿ ಮೊಬೈಲ್ ಬಳಸುವಂತಿಲ್ಲ ಎಂದಿತು. ಅದಕ್ಕಿಂತ ಒಳ್ಳೆಯ ಚರ್ಚಾ ವಿಷಯವನ್ನು ನಾನು ಹುಡುಕಿದರೂ ಸಿಗುತ್ತಿರಲಿಲ್ಲ. ಹಲಗೆಯ ಮೇಲೆ ನಿಷೇಧ, ನಿರ್ಬಂಧ, ಕಡಿವಾಣ ಎಂದು ಮೂರು ಪದ ಬರೆದು, ಕಾನೂನು ಬೇಕೆನ್ನುವವರು ಯಾವುದನ್ನು ಬಳಸಬೇಕು, ಬೇಡವೆನ್ನುವವರು ಯಾವುದನ್ನು ಎಂದು ಕೇಳಿದೆ. ಬೇಡವೆನ್ನುವವರೆಲ್ಲ 'ನಿಷೇಧ' ಹಿಡಿದುಕೊಂಡರು, ಅದರ ಸದ್ದೇ ಗಟ್ಟಿ ಎಂದು. ಬೇಕೆನ್ನುವವರಲ್ಲಿ ಒಬ್ಬ ಹುಡುಗ ಕಡಿವಾಣ ಎಂದರೇನು ಎಂದು ಕೇಳಿ ತಿಳಿದುಕೊಂಡು, 'ಕಡಿವಾಣ ಹಾಕಿದರೆ ಕುದುರೆ ಸಾಯುವುದಿಲ್ಲ, ದಾರಿಯಲ್ಲಿ ಹೋಗುತ್ತದೆ' ಎಂದ. ತಾನು ಗೆಲ್ಲಬೇಕು ಎಂದುಕೊಂಡವನು ಪದವನ್ನು ಹೇಗೆ ತೂಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಕರಾವಳಿ, ಮಲೆನಾಡಿನವರು ಈ ಗುಂಪಿನಲ್ಲಿ ಬಹಳ ಮಂದಿ ಇದ್ದೀರಿ. ತಾಳಮದ್ದಳೆ ಕೇಳಿ ಬೆಳೆದವರು ಮಕ್ಕಳ ಆಶುಭಾಷಣಕ್ಕೆ ವಿಡಿಯೊ ಪಾಠ ಹುಡುಕುವುದು ನನಗೆ ಸೋಜಿಗ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕುಳಿತಲ್ಲೇ ಅದನ್ನು ಸ್ವಂತ ಮಾತಿನಲ್ಲಿ ಬೆಳೆಸುತ್ತಾನೆ, ಎದುರಿನವನು ಅಲ್ಲೇ ಉತ್ತರ ಹೊಂದಿಸಬೇಕು. ಬರೆದಿಟ್ಟ ಸಂಭಾಷಣೆ ಯಾರ ಕೈಯಲ್ಲೂ ಇರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರು ಮಾಡಿದ್ದು ಈ ಮಾತುಗಾರಿಕೆಯಿಂದಲೇ.

ನಾವು ವಾಲಿವಧೆಯ ಪ್ರಸಂಗ ತೆಗೆದುಕೊಂಡೆವು. ಭಾಗವತಿಕೆ ಬಾರದ ನಾನು ಕಥೆಯನ್ನಷ್ಟೇ ಹೇಳಿದೆ. ರಾಮ ಎಂಟನೆಯ ತರಗತಿಯ ಹುಡುಗ, ಬಾಣ ತಗುಲಿ ಬಿದ್ದ ವಾಲಿ ಏಳನೆಯ ತರಗತಿಯ ಹುಡುಗಿ. ಮೊದಲ ಸುತ್ತು ಇಂಗ್ಲಿಷ್ ಬೆರೆಸಬಹುದು. ಬೆರೆಸಿದ ಪದಗಳನ್ನು ನಾನು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. ಎರಡನೆಯ ಸುತ್ತು ಪೂರ್ತಿ ಕನ್ನಡ. ರಾಮ ಎರಡು ಸಮರ್ಥನೆ ಕೊಟ್ಟ: ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಆದ್ದರಿಂದ ಶಿಕ್ಷೆ. ಅಲ್ಲದೆ ನೀನು ವಾನರ, ಬೇಟೆಯಾಡುವವರು ಮರೆಯಲ್ಲಿ ನಿಂತರೆ ತಪ್ಪಿಲ್ಲ. ಹುಡುಗಿ ಸ್ವಲ್ಪ ಹೊತ್ತು ಹಲಗೆ ನೋಡುತ್ತ ನಿಂತಳು. ಆಮೇಲೆ, 'ನಾನು ಪ್ರಾಣಿಯಾದರೆ ನನಗೆ ಮನುಷ್ಯರ ಧರ್ಮ ಯಾಕೆ? ಮನುಷ್ಯರ ಧರ್ಮ ನನಗೂ ಇದ್ದರೆ ಬೇಟೆಯ ನೆಪ ಯಾಕೆ? ಒಂದನ್ನು ಆರಿಸಿಕೋ' ಎಂದಳು. ರಾಮನಿಗೆ ಮಾತು ಹೊರಡಲಿಲ್ಲ. 'ಆರಿಸಿಕೋ' ಎಂದು ರಾಮನಿಗೆ ಏಕವಚನವೇ ಎಂದು ಹಿಂದೆ ಕುಳಿತಿದ್ದ ಅಜ್ಜಿಯೊಬ್ಬರು ಗೊಣಗಿದರು. ಬಾಣ ತಗುಲಿದವನಿಗೆ ಅಷ್ಟು ಹಕ್ಕಿದೆ ಎಂದು ಪಕ್ಕದ ಅಜ್ಜ ಸಮಾಧಾನ ಹೇಳಿದರು. ಆ ಹುಡುಗಿಯ ತಂದೆ ಈಗ ದೂರುವುದೇನೆಂದರೆ, ಮನೆಯಲ್ಲಿ ಏನು ಹೇಳಿದರೂ 'ನೆಪ ಹೇಳಬೇಡಿ ಅಪ್ಪಾ' ಎನ್ನುತ್ತಾಳಂತೆ.

ಸಭಾಕಂಪದ ಬಗ್ಗೆ ಕೇಳಿದ್ದಿರಿ. ಕೈ ನಡುಗುವುದು ತಾನಾಗಿ ಕಡಿಮೆಯಾಗುತ್ತದೆ, ಅದಕ್ಕೆ ಉಪದೇಶ ಬೇಡ. ಗಮನ ಕೊಡಬೇಕಾದದ್ದು ನಡುವೆ ತುರುಕುವ 'ಲೈಕ್', 'ಅಂ', 'ಅದು ಏನೆಂದರೆ' ಕಡೆಗೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಆರಂಭವಾದ ಟೋಸ್ಟ್‌ಮಾಸ್ಟರ್ಸ್ ಕೂಟಗಳಲ್ಲಿ ಇಂಥವನ್ನು ಎಣಿಸಲೆಂದೇ ಒಬ್ಬರನ್ನು ಕೂರಿಸುತ್ತಾರೆ. ಆ ಕೆಲಸವನ್ನು ಮಕ್ಕಳಿಗೇ ಕೊಡಿ. ಧ್ವನಿ ಒಡೆಯುವ ವಯಸ್ಸಿನ ಹುಡುಗರು ಎದ್ದು ನಿಲ್ಲಲು ಹಿಂಜರಿದರೆ ಅವರನ್ನು ಕೆಲವು ವಾರ ಎಣಿಸುವವರನ್ನಾಗಿ ಕೂರಿಸಿ. ಬೇರೆಯವರ ತೊದಲು ಎಣಿಸಿದವನಿಗೆ ತನ್ನದು ತಾನೇ ಕೇಳಿಸತೊಡಗುತ್ತದೆ.

ಕೊನೆಯದಾಗಿ ರಾಜ್ಯೋತ್ಸವದ ಭಾಷಣ ಸ್ಪರ್ಧೆ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ತಂದೆ ಬರೆಯುತ್ತಾರೆ, ತಾಯಿ ಅದನ್ನು ಇಂಗ್ಲಿಷ್ ಲಿಪಿಗೆ ಇಳಿಸುತ್ತಾರೆ, ಮಗು ಬಾಯಿಪಾಠ ಮಾಡುತ್ತದೆ. 'ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುಗಳೇ' ಎಂದು ಶುರುವಾಗಿ 'ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ' ಎನ್ನುವವರೆಗೆ ಮಗುವಿನದು ಎನ್ನುವ ಒಂದೂ ಮಾತು ಅದರಲ್ಲಿರುವುದಿಲ್ಲ. ನಡುವೆ ಒಂದು ಸಾಲು ಮರೆತರೆ ಮುಂದಿನ ಸಾಲಿನಲ್ಲಿ ಕುಳಿತ ತಾಯಿಯ ತುಟಿ ನೋಡಬೇಕು. ಕಂಠಪಾಠ ಬೇಡವೆನ್ನುತ್ತಿಲ್ಲ, ಪದ್ಯ, ವಚನ ಬಾಯಿಗೆ ಬರಲಿ, ಉಚ್ಚಾರ ತಿದ್ದಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದನ್ನು ಕಂಠಪಾಠ ಸ್ಪರ್ಧೆ ಎಂದೇ ಕರೆಯೋಣ. ಬರೆದುಕೊಡಲೇಬೇಕಾದರೆ ಒಂದು ಲೆಕ್ಕ ನೆನಪಿರಲಿ: ಮೂರು ನಿಮಿಷಕ್ಕೆ ಇಂಗ್ಲಿಷಿನಲ್ಲಿ ಸುಮಾರು 400 ಪದ ಹಿಡಿಯುತ್ತದೆ; ವಿಭಕ್ತಿ, ಕ್ರಿಯಾ ಪ್ರತ್ಯಯಗಳೆಲ್ಲ ಪದಕ್ಕೇ ಅಂಟುವ ಕನ್ನಡದಲ್ಲಿ ಅದಕ್ಕಿಂತ ಬಹಳ ಕಡಿಮೆ ಸಾಕು. ಇಂಗ್ಲಿಷಿನ ಲೆಕ್ಕದಲ್ಲೇ ಪದ ಎಣಿಸಿ ಬರೆದವರ ಮಕ್ಕಳು ಗಂಟೆ ಬಾರಿಸುವ ಭಯಕ್ಕೆ ಕುದುರೆ ಓಡಿಸುವುದನ್ನು ಪ್ರತಿ ವರ್ಷ ನೋಡುತ್ತೇವೆ.

ಈ ಬಾರಿ ಆರರಿಂದ ಎಂಟನೆಯ ತರಗತಿಯವರಿಗೆ ಚೀಟಿ ಎತ್ತುವ ಆಶುಭಾಷಣ ಇಡೋಣ ಎಂದು ಸಮಿತಿಗೆ ಬರೆದಿದ್ದೇನೆ. ಮೂರು ಚೀಟಿಯಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ, ಯೋಚಿಸಲು ಐದು ನಿಮಿಷ, ಮಾತಿಗೆ ಎರಡು ನಿಮಿಷ. ಸಿಗದ ಪದವನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅಂಕ ಕಡಿಯುವುದು ಬೇಡ ಎಂಬುದು ನನ್ನ ಅಭಿಪ್ರಾಯ, ಸಮಿತಿಯಲ್ಲಿ ಇಬ್ಬರು ಇದಕ್ಕೆ ಒಪ್ಪಿಲ್ಲ. ಚೀಟಿಗೆ ವಿಷಯಗಳು ಬೇಕು. 'ಕನ್ನಡದ ಹಿರಿಮೆ', 'ಪರಿಸರ ಸಂರಕ್ಷಣೆ' ಕಳುಹಿಸಬೇಡಿ. ಅಜ್ಜಿ ಬಂದಾಗ ನನ್ನ ಕೋಣೆ ಬಿಟ್ಟುಕೊಡಬೇಕೇ, ಮನೆಗೆಲಸಕ್ಕೆ ಮಕ್ಕಳಿಗೆ ಹಣ ಕೊಡಬೇಕೇ, ಭಾನುವಾರ ಕನ್ನಡ ತರಗತಿ ಇರಬಾರದು, ಇಂಥವು ಬರಲಿ. ತೀರ್ಪುಗಾರರಾಗಿ ಸ್ಪರ್ಧಿಗಳ ತಂದೆತಾಯಿಯಲ್ಲದ ಇಬ್ಬರು ಬೇಕು. ಪ್ಲೇನೊ ಕಡೆಯವರು ಯಾರಾದರೂ ಬರುವಿರಾದರೆ ಇಲ್ಲೇ ತಿಳಿಸಿ.